ಡೆಸ್ಸಿಯ ಬಗ್ಗೆ ಬರೆದ ಎರಡು ಸಾಲು

ಜನವರಿ 13, ಸೋಮವಾರ

ರಜೆ ಮುಗಿಯಿತು, ಹಾಳು ಚಳಿ ಮುಗಿಯಲಿಲ್ಲ. ಬೆಳಿಗ್ಗೆ ಆರಕ್ಕೆ ಕೆಡೆಟ್‌ಗಳೆಲ್ಲ ಮೈದಾನದಲ್ಲಿದ್ದೆವು. ಸಾರ್ಜಂಟ್ ಟಿಬ್ಸ್ ನಮ್ಮನ್ನು ಸಾಲಾಗಿ ನಿಲ್ಲಿಸಿ, "ಕ್ರಿಸ್‌ಮಸ್ಸಿಗೆ ನಿಮ್ಮ ಅಮ್ಮಂದಿರು ಚೆನ್ನಾಗಿ ತಿನ್ನಿಸಿ ಕಳಿಸಿದ್ದಾರೆ. ಅದನ್ನೆಲ್ಲಾ ಇಲ್ಲಿ ಇಳಿಸಿ ಹೋಗಿ," ಎಂದು ನಾಲ್ಕು ಮೈಲಿ ಓಡಿಸಿದರು. ಮೆಕ್‌ನ್ಯಾಬ್ ಎರಡನೇ ಮೈಲಿಗೇ ಬೇಲಿ ಹಿಡಿದು ನಿಂತು ಕಕ್ಕಿ ಇಳಿಸಿದ.

ಡೆಸ್ಸಿ ನನ್ನ ಪಕ್ಕದಲ್ಲೇ ಓಡಿದಳು. ತಣ್ಣನೆಯ ಗಾಳಿ ಎಳೆದಂತೆಲ್ಲ ಅವಳ ಎದೆಯೊಳಗೆ ಸಿಳ್ಳೆ. ಗ್ರಂಥಾಲಯದ ತಿರುವಿನಲ್ಲಿ ನಾನು ಶೂ ದಾರ ಕಟ್ಟುವ ನೆಪ ಮಾಡಿ ಕೂತೆ, ಕಾಲುಚೀಲದಿಂದ ಉಬ್ಬಸದ ಔಷಧಿಯ ಪಂಪು ತೆಗೆದು ಕೊಟ್ಟೆ, ಅವಳು ನನ್ನ ಬೆನ್ನ ಮರೆಯಲ್ಲಿ ಬಗ್ಗಿ ಎರಡು ಸಲ ಎಳೆದುಕೊಂಡಳು. ಎರಡೂವರೆ ವರ್ಷದ ಅಭ್ಯಾಸ, ಹತ್ತು ಸೆಕೆಂಡೂ ಹಿಡಿಯುವುದಿಲ್ಲ.

"ನಿನ್ನ ಕಾಲುಚೀಲದ ವಾಸನೆಗೇ ಉಸಿರು ನಿಂತುಹೋಗುತ್ತೆ ಕಣೇ," ಎಂದಳು ಆಮೇಲೆ ರೂಮಿನಲ್ಲಿ.

"ಹಾಗಾದ್ರೆ ನಿನ್ನ ಕಾಲುಚೀಲದಲ್ಲೇ ಇಟ್ಕೋ, ಮಹಾರಾಣಿ."

"ನನ್ನ ಹತ್ರ ಸಿಕ್ಕಿದ್ರೆ ಕಥೆ ಮುಗೀತು. ನಿನ್ನ ಹತ್ರ ಸಿಕ್ಕಿದ್ರೆ 'ನಮ್ಮಮ್ಮಂದು, ತಪ್ಪಿ ಬಂತು' ಅನ್ಬಹುದು. ನಿಂದು ಹೇಗೂ ಪೆದ್ದು ಮುಖ, ನಂಬ್ತಾರೆ."

ಫೆಬ್ರವರಿ 2, ಭಾನುವಾರ

ಡೆಸ್ಸಿಯ ಅಜ್ಜಿಯಿಂದ ಪಾರ್ಸೆಲ್ ಬಂತು. ಒಂದು ಸೀಸೆ ಸೇಬಿನ ಗೊಜ್ಜು, ಉಣ್ಣೆಯ ಕಾಲುಚೀಲ, ಅದರೊಳಗೆ ಹೊಸ ಪಂಪು. ಮುದುಕಿ ತನಗೆ ಬರೆದುಕೊಟ್ಟ ಔಷಧಿಯಲ್ಲಿ ಅರ್ಧ ಮೊಮ್ಮಗಳಿಗೆ ಉಳಿಸುತ್ತಾಳೆ. ಅಷ್ಟೂ ದಿನ ತಾನು ಹೇಗೆ ಉಸಿರಾಡುತ್ತಾಳೋ ದೇವರೇ ಬಲ್ಲ.

ನಾವಿಬ್ಬರೂ ಒಂದೇ ದಿನ ಸಹಿ ಹಾಕಿದವರು. ಕಾಲೇಜಿನ ಫೀಸನ್ನು ಸೈನ್ಯ ಕಟ್ಟುತ್ತದೆ, ಓದು ಮುಗಿದ ಮೇಲೆ ನಾಲ್ಕು ವರ್ಷ ನಾವು ಸೈನ್ಯದಲ್ಲಿ ಅಧಿಕಾರಿಗಳಾಗಿ ದುಡಿಯಬೇಕು. ಅದಿಲ್ಲದಿದ್ದರೆ ನಾನು ಅಮ್ಮನ ಜೊತೆ ವೃದ್ಧಾಶ್ರಮದಲ್ಲಿ ಹಾಸಿಗೆ ಬದಲಿಸುತ್ತಿದ್ದೆ, ಡೆಸ್ಸಿ ಅವರಮ್ಮನ ಜೊತೆ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ವೈದ್ಯರ ಫಾರಂನಲ್ಲಿ ಒಂದು ಪ್ರಶ್ನೆ: ಹದಿಮೂರು ತುಂಬಿದ ಮೇಲೆ ಉಬ್ಬಸ ಬಂದದ್ದುಂಟೇ? ಉಂಟು ಎಂದರೆ ಸೈನ್ಯ ತೆಗೆದುಕೊಳ್ಳುವುದಿಲ್ಲ ಎಂದುಕೊಂಡು ಡೆಸ್ಸಿಯ ಮನೆಯಲ್ಲಿ ಮೂರು ಹೆಂಗಸರು ಊಟದ ಮೇಜಿನ ಸುತ್ತ ಕೂತು ಒಂದು ಗಂಟೆ ಯೋಚಿಸಿದರಂತೆ. ಕೊನೆಗೆ ಅಜ್ಜಿಯೇ ತೀರ್ಪು ಕೊಟ್ಟಳಂತೆ: "ಡಾಕ್ಟರ ಹತ್ರ ಹೋಗಿದ್ರೆ ತಾನೆ ಬಂದಿದ್ದು? ದುಡ್ಡಿಲ್ಲ ಅಂತ ನಾವು ಹೋಗ್ಲೇ ಇಲ್ಲ. ಅಂದ್ಮೇಲೆ ಬಂದೇ ಇಲ್ಲ. ಇಲ್ಲ ಅಂತ ಬರಿ."

ಡೆಸ್ಸಿ ಇದನ್ನು ಅಜ್ಜಿಯ ಧ್ವನಿಯಲ್ಲೇ ಹೇಳಿದಾಗೆಲ್ಲ ನಾನು ಹಾಸಿಗೆಯಿಂದ ಬೀಳುವಷ್ಟು ನಗುತ್ತೇನೆ. ಸೈನ್ಯದ ನಾಲ್ಕು ವರ್ಷ ಮುಗಿಸಿ ಅವಳಿಗೆ ಊರ ಶಾಲೆಯಲ್ಲಿ ಗಣಿತದ ಟೀಚರಾಗಬೇಕು. ಇವಳ ಕಾಲದಲ್ಲಿ ಅಲ್ಲಿ ಫುಟ್ಬಾಲ್ ಕಲಿಸುವವನೇ ಬೀಜಗಣಿತವನ್ನೂ ಕಲಿಸುತ್ತಿದ್ದನಂತೆ, ಎರಡನ್ನೂ ಕೂಗಿಕೊಂಡೇ.

ಫೆಬ್ರವರಿ 22, ಶನಿವಾರ

ಇವತ್ತು ಹನ್ನೆರಡು ಮೈಲಿ ನಡಿಗೆ, ಬೆನ್ನ ಮೇಲೆ ಮೂವತ್ತೈದು ಪೌಂಡಿನ ಹೊರೆ. ಕೈಕಾಲು ನನ್ನದಲ್ಲ ಅನ್ನಿಸುತ್ತಿದೆ, ಆದರೂ ಬರೆಯದೆ ಮಲಗಲಾರೆ.

ಹತ್ತನೇ ಮೈಲಿ ಗುಡ್ಡ. ಪಂಪಿಗೆ ಅವಕಾಶವೇ ಸಿಗಲಿಲ್ಲ, ಸಾರ್ಜಂಟ್ ನಮ್ಮ ಹಿಂದೆಯೇ ಇದ್ದರು. ಡೆಸ್ಸಿಯ ಮುಖ ಬೂದಿಯಾಗಿತ್ತು. ಸಿಳ್ಳೆ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಮೆಕ್‌ನ್ಯಾಬ್ ಡೆಸ್ಸಿಗೆ, "ಪ್ರಾಟರ್, ಹೊರೆ ಕೊಡು, ಸ್ವಲ್ಪ ದೂರ ನಾನು ಹೊರ್ತೀನಿ," ಎಂದ. "ನಿನ್ನ ಹೊರೆ ಕೊಡು, ಅದನ್ನೂ ನಾನೇ ಹೊರ್ತೀನಿ," ಎಂದಳು ಪುಣ್ಯಾತ್ಗಿತ್ತಿ. ಹೊತ್ತೇ ಮುಗಿಸಿದಳು. ಮೂವರು ಗಂಡುಗಳು ಮಧ್ಯದಲ್ಲೇ ಲಾರಿ ಹತ್ತಿದರು.

ಆಮೇಲೆ ಕಾರ್ಡು ಹಂಚಿದರು. ತಂಡದ ಒಂಬತ್ತು ಜನ ಒಬ್ಬರ ಬಗ್ಗೆ ಒಬ್ಬರು ಬರೆಯಬೇಕು. ಬೇಸಿಗೆ ಶಿಬಿರದ ಮುಂಚೆ ಇದರ ಮೇಲೇ ನಮ್ಮ ಸ್ಥಾನ ನಿರ್ಧರಿಸುತ್ತಾರೆ. ಹೋದ ಸಲ ಡೆಸ್ಸಿಗೆ ಎಲ್ಲರೂ 'ಮೆತ್ತಗಿನವಳು' ಎಂದು ಬರೆದು ಎಂಟನೇ ಸ್ಥಾನಕ್ಕೆ ನೂಕಿದ್ದರು. ಸಾರ್ಜಂಟ್ ಹೇಳಿದರು, "'ಒಳ್ಳೆ ಹುಡುಗಿ', 'ಒಳ್ಳೆ ಹುಡುಗ' ಅಂತ ಬರೆದ್ರೆ ಹರಿದು ನಿಮ್ಮ ಕೈಗೇ ಕೊಡ್ತೀನಿ. ಕಣ್ಣಾರೆ ಕಂಡಿದ್ದು, ಕಿವಿಯಾರೆ ಕೇಳಿದ್ದು ಬರೀರಿ."

ಬರೆದೆ. "ಹತ್ತನೇ ಮೈಲಿಯಿಂದ ಎದೆ ಸಿಳ್ಳೆ ಹೊಡೆಯುತ್ತಿದ್ದರೂ ಹೊರೆ ಇಳಿಸಲಿಲ್ಲ, ಯಾರ ಕೈಗೂ ಕೊಡಲಿಲ್ಲ. ಕಷ್ಟ ಬಂದರೆ ಇಂಥವಳ ಹಿಂದೆ ನಡೆಯಲು ನಾನು ಸಿದ್ಧ."

ಮೊದಲ ಸ್ಥಾನ ಕೊಟ್ಟೆ. ಎಷ್ಟು ಖುಷಿಯಾಗಿದೆಯೆಂದರೆ ಅವಳಿಗೆ ಹೇಳಿಬಿಡೋಣ ಅನ್ನಿಸುತ್ತಿದೆ. ಬೇಡ, ತಾನಾಗಿಯೇ ತಿಳಿಯಲಿ.

ಫೆಬ್ರವರಿ 26, ಬುಧವಾರ

ತರಗತಿಯ ಮಧ್ಯದಲ್ಲೇ ಡೆಸ್ಸಿಯನ್ನು ನಮ್ಮ ತರಬೇತಿಯ ಮುಖ್ಯಸ್ಥ ಮೇಜರ್ ಹೋಲ್ಕಂಬ್ ಕರೆಸಿದರು. ಸ್ಥಾನ ಮೇಲೆ ಬಂದಿರಬೇಕು, ಅದಕ್ಕೇ ಎಂದು ಅವಳಿಗೆ ಕಣ್ಣು ಹೊಡೆದೆ. ಒಂದೂವರೆ ಗಂಟೆ ಕಳೆದರೂ ಬರಲಿಲ್ಲ. ರೂಮಿಗೆ ಬಂದವಳು ಗೋಡೆಯ ಕಡೆ ತಿರುಗಿ ಮಲಗಿದಳು.

"ಏನಾಯ್ತೇ?"

"ಆಸ್ಪತ್ರೆಗೆ ಹೋಗ್ಬೇಕಂತೆ. ಕೊಳವೆಯೊಳಗೆ ಊದಿ ತೋರಿಸ್ಬೇಕಂತೆ. ನನ್ನ ಎದೆ ಸಿಳ್ಳೆ ಹೊಡೆಯುತ್ತೆ ಅಂತ ಯಾರೋ ಕಾರ್ಡಿನಲ್ಲಿ ಬರೆದಿದ್ದಾರೆ."

ಫೆಬ್ರವರಿ 27

ಬರೆಯಲು ಕೈ ಬರುತ್ತಿಲ್ಲ.

ಮಾರ್ಚ್ 1, ಶನಿವಾರ

ನಾನೇ ಹೇಳೋಣವೆಂದು ಮೂರು ಸಲ ಬಾಯಿ ತೆರೆದೆ. ನಾಲ್ಕನೇ ಸಲಕ್ಕೆ ಅವಳೇ ಹೇಳಿದಳು.

"ಮೇಜರ್ ಹೆಸರು ಹೇಳದೆ ಓದಿದ್ರು. ಹೇಳೋದೇನೂ ಬೇಕಿರ್ಲಿಲ್ಲ ಬಿಡು. 'ಇಂಥವಳ ಹಿಂದೆ ನಡೆಯಲು ಸಿದ್ಧ' ಅಂತ ಆ ಎಂಟು ಜನರಲ್ಲಿ ನೀನಲ್ದೆ ಇನ್ಯಾರು ಬರೀತಾರೆ?"

ನಾನು ಅತ್ತೆ. ಹೊಗಳಲು ಹೋದೆ ಕಣೇ, ನಿನ್ನ ಸ್ಥಾನ ಮೇಲೆ ಬರಲೆಂದು ಬರೆದೆ, ಸಿಳ್ಳೆ ಅಂದರೆ ಏನು ಎಂಬುದು ತಲೆಗೇ ಹೊಳೆಯಲಿಲ್ಲ, ಎರಡೂವರೆ ವರ್ಷದಿಂದ ದಿನಾ ಕೇಳುವ ಸದ್ದು ಅದು, ನನಗೆ ಅದು ರೋಗ ಅನ್ನುವುದೇ ಮರೆತುಹೋಗಿತ್ತು ಎಂದೆಲ್ಲ ಹೇಳಿದೆ. ಅಷ್ಟೂ ನಿಜ. ಒಂದು ಪದವೂ ಕೆಲಸಕ್ಕೆ ಬರಲಿಲ್ಲ.

ಅವಳು ನಕ್ಕಳು. "ಹೊಗಳೋಕೆ ಹೋಗಿ ಕೊಂದ್ಯಲ್ಲೇ ಪೆದ್ದಿ," ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರ್ಚ್ 6, ಗುರುವಾರ

ಊದಿದಳು. ಮೂರು ಸಲವೂ ಸೋತಳು.

ಮಾರ್ಚ್ 11, ಮಂಗಳವಾರ

ಮೇಜರ್ ನನ್ನನ್ನು ಕರೆಸಿದರು. ನನ್ನ ಕಥೆಯೂ ಮುಗಿಯಿತು ಎಂದುಕೊಂಡೇ ಹೋದೆ. ಒಂದು ಮನಸ್ಸಿಗೆ ನಿರಾಳವೂ ಆಗಿತ್ತು. ಅವರು ಎದ್ದು ನಿಂತು ಕುರ್ಚಿ ತೋರಿಸಿದರು.

"ಬರ್ಚ್‌ಫೀಲ್ಡ್, ನೀನು ಮಾಡಿದ್ದು ಸುಲಭದ ಕೆಲಸ ಅಲ್ಲ. ರೂಮಿನ ಗೆಳತಿ. ದೂರು ಕೊಡೋಕೆ ಮನಸ್ಸು ಒಪ್ಪಲ್ಲ, ಮುಚ್ಚಿಡೋಕೆ ಆತ್ಮ ಒಪ್ಪಲ್ಲ. ಅವಳ ಮರ್ಯಾದೆ ಉಳಿಸಿ, ವಿಷಯ ನಮಗೆ ಮುಟ್ಟೋ ಹಾಗೆ ಎರಡೇ ಸಾಲು ಬರೆದೆ. ಇಪ್ಪತ್ತು ವರ್ಷದಲ್ಲಿ ಇಷ್ಟು ನಾಜೂಕಾಗಿ ಯಾರೂ ಮಾಡಿದ್ದು ನಾನು ನೋಡಿಲ್ಲ."

ನಾನು ಬೇಕೆಂದೇ ಹಿಡಿದುಕೊಟ್ಟೆ ಎಂದುಕೊಂಡಿದ್ದಾರೆ!

"ಮೊದಲೇ ಹೇಳಿದ್ದಿದ್ರೆ ವಿನಾಯಿತಿ ಕೇಳಬಹುದಿತ್ತು," ಎಂದರು. "ಎಷ್ಟೋ ಜನಕ್ಕೆ ಸಿಕ್ಕಿದೆ. ಉಬ್ಬಸ ದೊಡ್ಡ ಮಾತಲ್ಲ, ಮುಚ್ಚಿಟ್ಟಿದ್ದು ದೊಡ್ಡ ಮಾತು." ಆಮೇಲೆ ಕಾಗದ ಎಳೆದುಕೊಂಡು ಕೇಳಿದರು, "ಆ ಸಿಳ್ಳೆ ನಿನಗೆ ಮೊದಲ ಸಲ ಕೇಳಿಸಿದ್ದು ಅವತ್ತೇ, ಅಲ್ವಾ?"

"ಹೌದು ಸರ್."

ಬರೆದುಕೊಂಡರು. ನನ್ನ ಎಡಗಾಲುಚೀಲದಲ್ಲಿ ಪಂಪು ಇತ್ತು.

ಮಾರ್ಚ್ 20, ಗುರುವಾರ

ಮೂವರು ಅಧಿಕಾರಿಗಳ ಮುಂದೆ ವಿಚಾರಣೆ ನಡೆಯಿತು. ಅವಳೊಬ್ಬಳೇ ಒಳಗೆ. ನನ್ನನ್ನು ಕರೆಯಲೇ ಇಲ್ಲ. ಮುಚ್ಚಿಟ್ಟು ಸಹಿ ಹಾಕಿದ್ದಕ್ಕೆ ತರಬೇತಿಯಿಂದ ಹೊರಗೆ. ಫೀಸು ಇವತ್ತಿಗೇ ನಿಂತಿತು. ಈವರೆಗೆ ಕಟ್ಟಿದ್ದನ್ನೂ ವಾಪಸ್ ಕೇಳುತ್ತಾರೆ.

"ಸಾಲ ಎತ್ತಿ ಓದು ಮುಗಿಸ್ಬಹುದಲ್ವಾ? ಇನ್ನು ಒಂದೇ ವರ್ಷ," ಎಂದೆ.

"ಹಿಂದಿಂದೇ ತೀರಿಸೋಕೆ ದಾರಿ ಇಲ್ಲ, ಮುಂದಕ್ಕೆ ಯಾರು ಕೊಡ್ತಾರೆ? ಸುಮ್ನಿರು ಮಾರಾಯ್ತಿ."

ಅವಳ ಅಮ್ಮ ಐಲೀನ್ ಯಾರದೋ ಪಿಕಪ್ ಬೇಡಿ ತಂದಿದ್ದರು. ರಟ್ಟಿನ ಪೆಟ್ಟಿಗೆ ನಾಲ್ಕು, ಹೊದಿಕೆ, ದೀಪ. ಸಮವಸ್ತ್ರ, ಬೂಟು, ಹೊರೆ ಚೀಲ ಎಲ್ಲ ಎಣಿಸಿ ಒಪ್ಪಿಸಿ ಬಂದಳು. ಕೊನೆಗೆ ಕೈ ಚಾಚಿದಳು.

"ಪಂಪು ಕೊಡು."

ಬಗ್ಗಿ ಕಾಲುಚೀಲದಿಂದ ತೆಗೆದುಕೊಟ್ಟೆ. ಅದನ್ನು ಅಂಗೈಯಲ್ಲಿ ಒಂದು ಗಳಿಗೆ ಹಿಡಿದಳು. "ಬೆಚ್ಚಗಿದೆ," ಎಂದಳು, ಹೋದಳು. ಕಿಟಕಿಯಿಂದ ನೋಡಿದೆ, ಅವಳು ನೋಡಲಿಲ್ಲ.

ಏಪ್ರಿಲ್ 5, ಶನಿವಾರ

ನನ್ನ ಸ್ಥಾನ ಮೂರರಿಂದ ಒಂದಕ್ಕೆ ಬಂತು. ಮುಂದಿನ ವರ್ಷ ಕೆಡೆಟ್‌ಗಳ ಇಡೀ ಕಂಪನಿಗೆ ನಾನೇ ನಾಯಕಿ ಎನ್ನುತ್ತಿದ್ದಾರೆ. ಊಟದ ಮನೆಯಲ್ಲಿ ಮೆಕ್‌ನ್ಯಾಬ್‌ನ ಮೇಜಿಗೆ ಹೋಗಿ ಕೂತೆ. ಅವನು ತಟ್ಟೆ ಎತ್ತಿಕೊಂಡ.

"ಏನೋ, ನಾನೇನು ಕಚ್ತೀನಾ?"

"ಇಲ್ಲಪ್ಪ, ನೆಗಡಿ ಆಗಿದೆ ನಂಗೆ. ನಿನ್ನೆದುರು ಕೆಮ್ಮೋಕೂ ಭಯ."

ಮಿಕ್ಕವರು ನಕ್ಕರು. ನಾಯಿಗಳು. ಪ್ರಾಟರ್ ಪ್ರಕರಣ ನಡೆದು ಎರಡು ವಾರವಾಯಿತು, ಇನ್ನೂ ಇವರ ಬಾಯಿ ಮುಚ್ಚಿಲ್ಲ. ಫಾರಂನಲ್ಲಿ ಸುಳ್ಳು ಬರೆದದ್ದು ಅವಳು, ನಾನಲ್ಲ. ಅದನ್ನು ಯಾರೂ ಹೇಳುವುದಿಲ್ಲ.

ಅಮ್ಮನಿಗೆ ಫೋನು ಮಾಡಿ ಸ್ಥಾನದ ವಿಷಯ ಹೇಳಿದೆ. ಆಶ್ರಮದ ಮುದುಕರಿಗೆಲ್ಲ ಹೇಳುತ್ತೇನೆ ಎಂದಳು.

ಏಪ್ರಿಲ್ 12, ಶನಿವಾರ

ಮತ್ತೆ ಕಾರ್ಡು. ಏಳು ಜನರಿಗೂ ಒಂದೇ ರೀತಿ ಬರೆದೆ: "ಸಮಯಪಾಲನೆ ಉತ್ತಮ. ಆದೇಶ ಕೊಡುವಾಗ ಧ್ವನಿ ಸ್ಪಷ್ಟ." ಸಾರ್ಜಂಟ್ ಹರಿಯುತ್ತಾರೇನೋ ಎಂದು ನೋಡಿದೆ. ನನ್ನ ಮುಖವನ್ನೊಮ್ಮೆ ನೋಡಿ, ಕಾರ್ಡುಗಳನ್ನು ಕಟ್ಟಿನೊಳಗೆ ಸೇರಿಸಿದರು.

ಪ್ರಾಟರ್‌ಳ ಹಾಸಿಗೆ ಖಾಲಿಯೇ ಇದೆ. ಅಲ್ಲಿ ನನ್ನ ಬಟ್ಟೆ ಒಣಗಿಸುತ್ತೇನೆ. ಜಾಗ ಚೆನ್ನಾಗಿ ಆಯಿತು.

ಏಪ್ರಿಲ್ 17, ಗುರುವಾರ

ಹಿಂದಿನ ಪುಟ ಓದಿದೆ. ಥೂ! ಜಾಗ ಚೆನ್ನಾಗಿ ಆಯಿತಂತೆ. ಆ ಹಾಸಿಗೆಯ ಮೇಲೆ ಕೂತು ನನಗೆ ಮೊದಲ ವರ್ಷದ ಗಣಿತವನ್ನು ಅರೆದು ಕುಡಿಸಿದವಳು ಡೆಸ್ಸಿ. ಅವಳಿಲ್ಲದಿದ್ದರೆ ನಾನು ಮೊದಲ ಪರೀಕ್ಷೆಯಲ್ಲೇ ಮನೆ ಸೇರುತ್ತಿದ್ದೆ.

ಬಟ್ಟೆಗಳನ್ನು ನೆಲಕ್ಕೆ ಎಸೆದು ನೇರ ಮೇಜರ್ ಕೋಣೆಗೆ ಹೋದೆ. ಬಾಗಿಲಲ್ಲಿ ನಿಂತು, "ಸರ್, ಪ್ರಾಟರ್ ವಿಷಯದಲ್ಲಿ ಒಂದು ಮಾತು ಹೇಳೋದಿದೆ. ಅವತ್ತು ನಾನು ಹೇಳಿದ್ದು..." ಎಂದೆ.

ಅವರು ಕೈ ಎತ್ತಿ ತಡೆದರು. ಮೆಲ್ಲನೆ ಹೇಳಿದರು, "ಒಳಗೆ ಬರೋ ಮುಂಚೆ ಕೇಳು. 'ಇದು ಬೇರೆ ಯಾರಿಗಾದ್ರೂ ಗೊತ್ತಿತ್ತಾ' ಅಂತ ವಿಚಾರಣೆಯಲ್ಲಿ ಅವಳನ್ನ ಕೇಳಿದ್ವಿ. ಯಾರಿಗೂ ಗೊತ್ತಿರ್ಲಿಲ್ಲ ಅಂತ ಪ್ರಮಾಣ ಮಾಡಿ ಸಹಿ ಹಾಕಿದ್ದಾಳೆ. ನೀನೀಗ ಬೇರೆ ಹೇಳಿದ್ರೆ ಅದೂ ಸುಳ್ಳಾಗುತ್ತೆ. ಅವಳ ತಲೆ ಮೇಲೆ ಇನ್ನೊಂದು ಬೀಳುತ್ತೆ, ನಿನ್ನ ತಲೆ ಮೇಲೂ ಬೀಳುತ್ತೆ. ಯೋಚಿಸು. ಬರೋದಾದ್ರೆ ಬಾಗಿಲು ಹಾಕ್ಕೊಂಡು ಬಾ."

ನಿಂತೆ. ಗೋಡೆಯ ಗಡಿಯಾರ ನೋಡಿದೆ. ಮೂರು ಗಂಟೆ ಹತ್ತು ನಿಮಿಷ. ಸೆಲ್ಯೂಟ್ ಹೊಡೆದು ಬಂದುಬಿಟ್ಟೆ.

ಅವಳಿಗೆ ಇನ್ನಷ್ಟು ತೊಂದರೆಯಾಗಬಾರದೆಂದು ಬಂದೆ ಎಂದು ಇಲ್ಲಿ ಬರೆಯಬೇಕೆಂದಿದ್ದೆ. ಇದನ್ನು ಓದುವವಳು ನಾನೊಬ್ಬಳೇ. ನನಗೇ ಸುಳ್ಳು ಹೇಳಿ ಏನು ಪ್ರಯೋಜನ? ಅವರು ಅಡ್ಡ ಹಾಕಿದ್ದು ನನಗೆ ಖುಷಿಯಾಯಿತು.

ಏಪ್ರಿಲ್ 26, ಶನಿವಾರ

ಪದಕ ಕೊಟ್ಟರು. ಸತ್ಯನಿಷ್ಠೆಗೆ.

ಅಮ್ಮ ಆಶ್ರಮದ ನೀಲಿ ಅಂಗಿಯಲ್ಲೇ ಬಸ್ಸು ಹಿಡಿದು ಬಂದಿದ್ದಳು. ಮುಂದಿನ ಸಾಲಿನಲ್ಲಿ ಕೂತು ಅತ್ತಳು. ಆಮೇಲೆ ಕೇಕು ತಿನ್ನುತ್ತಾ ಕೇಳಿದಳು, "ನಿನ್ನ ಗೆಳತಿ ಎಲ್ಲಿ? ಆ ಸಣಕಲು ಹುಡುಗಿ?"

"ಮನೆಗೆ ಹೋದ್ಲಮ್ಮ."

"ಪಾಪ, ಹುಷಾರಿಲ್ವಾ?"

"ಹ್ಞೂಂ."

ಮೇ 11, ಭಾನುವಾರ

ನಾಳೆ ಬೇಸಿಗೆ ಶಿಬಿರದ ತಯಾರಿ ಶುರು. ಹೋಗುವ ಮುಂಚೆ ಡೆಸ್ಸಿಯ ಮುಖ ನೋಡದಿದ್ದರೆ ಆಗುವುದಿಲ್ಲ ಅನ್ನಿಸಿ, ಕಾರು ಬೇಡಿಕೊಂಡು ಎರಡು ಗಂಟೆ ದಾರಿ ಹೋದೆ. ಫೋನು ಮಾಡಲಿಲ್ಲ. ಮಾಡಿದ್ದರೆ ಬೇಡ ಎನ್ನುತ್ತಿದ್ದಳು.

ಬಾಗಿಲು ತೆಗೆದದ್ದು ಐಲೀನ್. ನನ್ನನ್ನು ನೋಡಿದ್ದೇ ತಬ್ಬಿಕೊಂಡರು. "ಬಾ ನನ್ನ ತಾಯಿ! ಅಮ್ಮಾ, ನೋಡು ಯಾರು ಬಂದಿದ್ದಾರೆ, ಡೆಸ್ಸಿ ಗೆಳತಿ ಲೀಟಾ," ಎಂದು ಅಜ್ಜಿಯನ್ನು ಕೂಗಿದರು. ಡೆಸ್ಸಿ ಅಂಗಡಿಯ ಕೆಲಸ ಮುಗಿಸಿ ಬರುವ ಹೊತ್ತಾಯಿತು, ಅಷ್ಟರಲ್ಲಿ ಉಣ್ಣು ಎಂದು ಬಲವಂತವಾಗಿ ಕೂರಿಸಿದರು. ಬೀನ್ಸ್ ಸಾರು, ಮೆಕ್ಕೆಜೋಳದ ಬ್ರೆಡ್ಡು, ಹಸಿ ಈರುಳ್ಳಿ.

"ಅಷ್ಟು ಜನರಲ್ಲಿ ನೀನೊಬ್ಳೇ ಕೊನೇತನಕ ಅವಳ ಪರ ನಿಂತ್ಯಂತೆ. ಡೆಸ್ಸಿ ಎಲ್ಲಾ ಹೇಳಿದ್ಲು," ಎಂದರು ಐಲೀನ್. ಕಣ್ಣೊರೆಸಿಕೊಂಡರು. "ಯಾರೋ ಪಾಪಿ ಕಾರ್ಡಿನಲ್ಲಿ ಬರೆದು ಹಾಕಿದ್ನಂತೆ."

"ಬರೆದ ಕೈಗೆ ಹುಳ ಬೀಳ," ಎಂದಳು ಅಜ್ಜಿ. ಹೇಳಿ, ಉಸಿರು ಸಾಲದೆ ಎದೆ ಹಿಡಿದುಕೊಂಡಳು. ನನ್ನ ತಟ್ಟೆಗೆ ಇನ್ನೊಂದು ತುಂಡು ಬ್ರೆಡ್ಡು ಹಾಕಿದಳು.

ಆ ಕೈಯಲ್ಲೇ ಚಮಚ ಹಿಡಿದು ಉಂಡೆ. ಪೂರ್ತಿ ಉಂಡೆ. ಬಿಟ್ಟರೆ ಯಾಕೆ ಎಂದು ಕೇಳುತ್ತಾರೆ.

ಡೆಸ್ಸಿ ಬಂದಳು. ಅಂಗಡಿಯ ಹಳದಿ ಅಂಗಿ, ಎದೆಯ ಮೇಲೆ ಹೆಸರಿನ ಚೀಟಿ. ನನ್ನನ್ನು ನೋಡಿ ಒಂದು ಕ್ಷಣ ನಿಂತಳು, ಆಮೇಲೆ ಅಮ್ಮನ ಎದುರು ಚೆನ್ನಾಗಿ ನಕ್ಕಳು. ಶಿಬಿರ, ಮೆಕ್‌ನ್ಯಾಬ್, ಊಟದ ಮನೆಯ ಕೆಟ್ಟ ಕಾಫಿ, ಎಲ್ಲ ವಿಚಾರಿಸಿದಳು. ಅಜ್ಜಿಯೂ ನಕ್ಕಳು. ಹತ್ತು ನಿಮಿಷ ಎಲ್ಲ ಮೊದಲಿನ ಹಾಗೇ ಆಗಿಹೋಯಿತು ಎಂದು ನಾನು ನಂಬಿಬಿಟ್ಟೆ.

ಕಾರಿನವರೆಗೆ ಬಿಡಲು ಬಂದಳು. ಮನೆಯ ಬಾಗಿಲು ಮುಚ್ಚಿದ್ದೇ ಅವಳ ನಗುವೂ ನಿಂತಿತು.

"ಎಲ್ಲಾ ಹೇಳಿಬಿಡೋಣ ಅಂತ ಮೇಜರ್ ಹತ್ರ ಹೋಗಿದ್ದೆ ಡೆಸ್ಸಿ. ಬಾಗಿಲ ತನಕ ಹೋದೆ."

"ಅಲ್ಲಿಂದ ವಾಪಸ್ ಬಂದೆ ತಾನೆ? ಒಳ್ಳೇದಾಯ್ತು. ಇಲ್ದಿದ್ರೆ ನಾನು ಹೇಳಿದ ಸುಳ್ಳೂ ದಂಡ."

"ಯಾಕೆ ಹೇಳಿದ್ಯೇ? ನನ್ನ ಹೆಸರು ಹೇಳಬಹುದಿತ್ತಲ್ಲ."

"ಆ ಮೂರು ಜನರ ಮುಂದೆ ನಿಂತಾಗ ಬಾಯಿಗೆ ಅದೇ ಬಂತು. ಒಬ್ಬಳಾದ್ರೂ ಓದು ಮುಗಿಸ್ಲಿ ಅನ್ನಿಸ್ತು." ಕಾರಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು. "ನಾನು ಅದನ್ನ ಹೇಳಿ ಮುಗಿಸಿದ ಮೇಲೆ ಅವರು ನಿನ್ನ ಹೇಳಿಕೆ ಓದಿದ್ರು. ಆ ಸಿಳ್ಳೆ ಅವತ್ತೇ ಮೊದಲ ಸಲ ಕೇಳಿಸಿದ್ದು ಅಂತ."

ಕ್ಷಮಿಸು ಎಂದೆನೇನೋ, ಅದು ಹೊರಗೆ ಬಂತೋ ಇಲ್ಲವೋ ಗೊತ್ತಿಲ್ಲ. ಅವಳ ಕೈ ಹಿಡಿಯಲು ಹೋದೆ. ಅವಳು ನನಗೋಸ್ಕರ ಕಾರಿನ ಬಾಗಿಲು ತೆಗೆದು ನಿಂತಳು, ನಾವು ಮೇಜರ್ ಹೋಲ್ಕಂಬ್‌ಗೆ ತೆಗೆದು ನಿಲ್ಲುತ್ತಿದ್ದ ಹಾಗೆ.

"ಹುಷಾರಾಗಿ ಹೋಗಿ, ಲೆಫ್ಟಿನೆಂಟ್."

"ಅದಕ್ಕಿನ್ನೂ ಒಂದು ವರ್ಷ ಇದೆ ಕಣೇ," ಎಂದೆ. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಅವಳ ಮುಖ ನೋಡಿದೆ.

"ಆಗ್ತೀರಿ. ನೀವು ಖಂಡಿತ ಆಗ್ತೀರಿ," ಎಂದಳು.

ಎರಡೂವರೆ ವರ್ಷದಲ್ಲಿ ಡೆಸ್ಸಿ ನನ್ನನ್ನು ಪೆದ್ದಿ ಎಂದಿದ್ದಾಳೆ, ಕತ್ತೆ ಎಂದಿದ್ದಾಳೆ, ಬಾಯಿಗೆ ಬಂದದ್ದೆಲ್ಲ ಅಂದಿದ್ದಾಳೆ. 'ನೀವು' ಎಂದದ್ದು ಇವತ್ತೇ ಮೊದಲು.